ಐಸಿನಲ್ಲಿಟ್ಟ ಹನ್ನೊಂದು ಬಾಟಲಿ

ಇನ್ಸ್‌ಪೆಕ್ಟರ್ ಮೇಡಂ ಸಮವಸ್ತ್ರದ ಕಿತ್ತುಬಂದ ಗುಂಡಿಗೆ ಎರಡನೇ ಸುತ್ತು ದಾರ ಹಾಕುತ್ತಿದ್ದರು. ಬೆಳಿಗ್ಗೆ 9.10ಕ್ಕೆ ನೆಲದಡಿಯ ಅನಿಲ ತೆಗೆಯುವ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದ. ಸುತ್ತಲಿನ ಬಾವಿಗಳ ನೀರು ಪರೀಕ್ಷಿಸುವ ಕಂಪನಿಯ ಪ್ರಯೋಗಾಲಯದಿಂದ ಹನ್ನೊಂದು ಬಾಟಲಿ ನೀರು ಕಳುವಾಗಿದೆಯಂತೆ.

"ನೀರಿಗೂ ಎಫ್‌ಐಆರಾ ಸಾರ್?" ಎಂದ ಮೀಸೆ ಹೆಡ್ ಕಾನ್‌ಸ್ಟೆಬಲ್.

ಎಫ್‌ಐಆರ್ ಆಯಿತು. 11.30ಕ್ಕೆ ಪ್ರಯೋಗಾಲಯದಲ್ಲಿ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಬಿಸಿಲು ಬೀಳುವ ಕಪಾಟಿನ ಮೇಲೆ, ಧೂಳಿನ ನಡುವೆ ಹನ್ನೊಂದು ದುಂಡು ಗುರುತು. ಪಕ್ಕದಲ್ಲೇ ದೊಡ್ಡ ಫ್ರಿಜ್; ಅದರೊಳಗೆ ಮ್ಯಾನೇಜರನ ತಂಪು ಪಾನೀಯ. ರಿಜಿಸ್ಟರಿನಲ್ಲಿ ನೀರು ತಂದ ದಿನಕ್ಕೂ ಪರೀಕ್ಷೆಯ ದಿನಕ್ಕೂ ಪ್ರತಿಸಲ ಹದಿನೆಂಟು ದಿನದ ಅಂತರ. 'ರಾಸಾಯನಿಕ' ಎಂಬ ಕೊನೆಯ ಕಾಲಂನಲ್ಲಿ ಒಂದೇ ಮಾತು: ಪತ್ತೆಯಾಗಿಲ್ಲ.

ಕೀಲಿ ಇದ್ದದ್ದು ಇಬ್ಬರ ಹತ್ತಿರ. ಒಬ್ಬ ಮ್ಯಾನೇಜರ್. ಇನ್ನೊಬ್ಬಳು ಬಾವಿಯಿಂದ ಬಾವಿಗೆ ಹೋಗಿ ನೀರು ತುಂಬಿ ತರುವ ಸಹಾಯಕಿ. ನಿನ್ನೆ ನೀರು ತಂದಿಟ್ಟವಳು ಇವತ್ತು ರಜೆ.

2.15ಕ್ಕೆ ಅವಳು ಅಕ್ಕನ ಮನೆಯಲ್ಲಿ ಸಿಕ್ಕಳು. ಅಡುಗೆಮನೆಯಲ್ಲಿ ಐಸ್ ಪೆಟ್ಟಿಗೆ. ಅದರೊಳಗೆ ಹನ್ನೊಂದು ಬಾಟಲಿ; ಸೀಲೂ ಹಾಗೇ ಇತ್ತು.

"ಯಾಕೆ ತಂದಿದ್ದು?"

"ಅಲ್ಲಿ ಬಿಟ್ಟಿದ್ರೆ ಸಾಯ್ತಿತ್ತು ಮೇಡಂ."

"ನೀರು ಸಾಯುತ್ತಾ?"

"ಸಾಕ್ಷಿ ಸಾಯುತ್ತೆ. ಅನಿಲಕ್ಕಾಗಿ ನೆಲದಡಿ ಬಂಡೆ ಒಡೆಯೋಕೆ ಅವ್ರು ಒತ್ತಿ ಬಿಡೋ ರಾಸಾಯನಿಕ ಬಿರುಕು ಹಿಡ್ಕೊಂಡು ತೆವಳ್ತಾ ಬಾವಿಗೆ ಬರುತ್ತೆ. ಕೆಳಗೆ ಗಾಳಿ ಕಮ್ಮಿ, ಬೇಗ ಕೊಳೆಯಲ್ಲ. ಬಾಟಲೀನ ಬಿಸಿಲಲ್ಲಿಟ್ರೆ ಕಣ್ಣಿಗೆ ಕಾಣದ ಹುಳಗಳು ಎರಡೇ ವಾರದಲ್ಲಿ ತಿಂದು ತೇಗ್ತವೆ. ಆಮೇಲೆ ಪರೀಕ್ಷೆ ಮಾಡಿದ್ರೆ ಏನು ಸಿಗುತ್ತೆ, ಮಣ್ಣು?"

"ದೂರು ಕೊಡಬಹುದಿತ್ತಲ್ಲ."

"ಮೂರು ಕೊಟ್ಟೆ. ಈ ಮೀಸೆ ಅಣ್ಣನೇ ಇಸ್ಕೊಂಡ್ರು."

ಹೆಡ್ ಕಾನ್‌ಸ್ಟೆಬಲ್ ಐಸ್ ಪೆಟ್ಟಿಗೆಯ ಮುಚ್ಚಳ ಮುಚ್ಚತೊಡಗಿದ.

"ಹೆದರಿಕೆ ಆಗಲಿಲ್ವಾ?"

"ಏಳನೇ ಬಾಟಲಿ ಈ ಮನೆ ಬಾವೀದು. 'ಪತ್ತೆಯಾಗಿಲ್ಲ' ಅಂತ ಹದಿನಾಲ್ಕು ಸಲ ನನ್ನ ಕೈಯಲ್ಲೇ ಬರೆಸಿದ್ರು. ಅಕ್ಕ ಅದನ್ನ ನಂಬಿ ಮಕ್ಕಳಿಗೆ ಕುಡಿಸಿದ್ಲು. ಹದಿನೈದನೇ ಸಲ ಬರೆಯಲ್ಲ. ಬೇಡಿ ಹಾಕ್ತೀರಾ, ಹಾಕಿ."

4.40ಕ್ಕೆ ಬಂಧನ ದಾಖಲಾಯಿತು. ಬೇಡಿ ಹಾಕಲಿಲ್ಲ.

ಐದಕ್ಕೆ ಮ್ಯಾನೇಜರನ ಫೋನು. "ಮಾಲು ನಿಮ್ಮ ಮುದ್ದೆಮಾಲು ಕೋಣೇಲೇ ಇರ್ಲಿ ಮೇಡಂ. ನಮಗೇನೂ ಆತುರ ಇಲ್ಲ."

ಜಪ್ತಿ ಮಾಡಿದ್ದನ್ನೆಲ್ಲ ಇಡುವ ಆ ಕೋಣೆಗೆ ತಗಡಿನ ಮಾಡು. ಅಲ್ಲಿ ಮಧ್ಯಾಹ್ನ ಮೇಣದಬತ್ತಿಯೂ ಬಾಗುತ್ತಿತ್ತು.

"ಆತುರ ನಿಮಗಿರಲ್ಲ ಬಿಡಿ," ಎಂದು ಮೇಡಂ ಫೋನಿಟ್ಟರು.

ಕದ್ದ ವಸ್ತು ಏನೆಂದು ಗೊತ್ತಾಗದೆ ಕಳವು ರುಜುವಾಗುವುದು ಹೇಗೆ? ನೀರು ಪರೀಕ್ಷಿಸಿಕೊಡಿ ಎಂದು ಸರ್ಕಾರಿ ಪ್ರಯೋಗಾಲಯಕ್ಕೆ ಕೋರಿಕೆ ಪತ್ರವನ್ನು ತಾವೇ ತುಂಬಿ, ರುಜು ಹಾಕಿ, ಮಡಚಿ ಜೇಬಿಗಿಟ್ಟರು. ಬಾಟಲಿಗಳ ಐಸ್ ಪೆಟ್ಟಿಗೆಯನ್ನು ಜೀಪಿಗೆ ಹೇರಿ ಚಾಲಕನ ಸೀಟಿನಲ್ಲಿ ಕೂತರು.

"ಎಲ್ಲಿಗೆ ಮೇಡಂ?" ಎಂದ ಮೀಸೆ.

"ಐಸ್ ತರೋಕೆ," ಎಂದು ಗೇರು ಹಾಕಿದರು.