ಲಿಪಿಡ್ ಹಾಕದ ಟ್ಯೂಬು

ಹಾವೇರಿಯ ಸಭಾಭವನದಲ್ಲಿ ನಡೆಯುತ್ತಿದ್ದ ಸಂಶೋಧನಾ ಪೋಸ್ಟರ್ ಸ್ಪರ್ಧೆಯಲ್ಲಿ ತಮ್ಮ ಪೋಸ್ಟರ್ ನೋಡಿ ದುರ್ಗಾ ಗಕ್ಕನೆ ನಿಂತಳು. ಮೊದಲ ಹೆಸರು ಅವಳದೇ, ಪಕ್ಕದಲ್ಲಿ ವೀರೇಂದ್ರನದು. ಆದರೆ ಪ್ರಯೋಗದ ಫೋಟೊದಲ್ಲಿ ಟ್ಯೂಬಿಗೊಂದರಂತೆ ಐದು ಸಾಲು ಇರಬೇಕಾದಲ್ಲಿ ನಾಲ್ಕೇ ಇದ್ದವು, ಐದನೆಯದನ್ನು ಕತ್ತರಿಸಿ ತೆಗೆಯಲಾಗಿತ್ತು.

ರಾಣೆಬೆನ್ನೂರಿನ ಬೀಜ ಕಂಪನಿಯೊಂದರ ಲ್ಯಾಬಿನಲ್ಲಿ ಇಬ್ಬರೂ ಎರಡು ವರ್ಷದಿಂದ ಒಂದೇ ಮೇಜಿನವರು. ಮೆಣಸಿನ ಗಿಡದ ಒಂದು ಪ್ರೋಟೀನು ಜೀವಕೋಶದ ಪೊರೆಯ ಕೊಬ್ಬಿಗೆ, ಅಂದರೆ ಲಿಪಿಡ್‌ಗೆ, ಅಂಟುತ್ತದೋ ಇಲ್ಲವೋ ನೋಡುವುದು ಅವರ ಕೆಲಸ. ಲಿಪಿಡ್‌ನಿಂದ ಸಣ್ಣ ಸಣ್ಣ ಗುಳ್ಳೆ ಮಾಡಿ, ಪ್ರೋಟೀನು ಬೆರೆಸಿ, ಯಂತ್ರದಲ್ಲಿ ಗಿರಗಿರ ತಿರುಗಿಸಬೇಕು. ಅಂಟಿದ್ದರೆ ಪ್ರೋಟೀನೂ ಗುಳ್ಳೆಗಳ ಜೊತೆ ತಳಕ್ಕಿಳಿಯುತ್ತದೆ. ಐದು ಟ್ಯೂಬುಗಳಲ್ಲಿ ಕೊನೆಯದಕ್ಕೆ ಮಾತ್ರ, ಹೋಲಿಸಿ ನೋಡಲೆಂದು, ಲಿಪಿಡ್ ಹಾಕುವುದಿಲ್ಲ. ಅಲ್ಲಿ ಪ್ರೋಟೀನು ಮೇಲೆಯೇ ಉಳಿಯಬೇಕು.

ಹೋದ ವಾರ ಉಳಿಯಲಿಲ್ಲ. ತಾನಾಗಿಯೇ ಗಂಟುಗಟ್ಟಿ ತಳ ಸೇರಿತ್ತು. ಉಳಿದ ನಾಲ್ಕರಲ್ಲಿ ಲಿಪಿಡ್‌ಗೆ ಅಂಟಿಯೇ ಇಳಿದಿದೆ ಎನ್ನಲು ಇನ್ನು ಆಧಾರವೇ ಇರಲಿಲ್ಲ. ದುರ್ಗಾ ಬೇರೆ ಯಾರಿಗೂ ಹೇಳದೆ ಮೊದಲು ವೀರೇಂದ್ರನಿಗೆ ಹೇಳಿದಳು. ಅವನು ಅವಳ ಗ್ಲೌಸಿನ ಬೆರಳ ತುದಿ ಮೆಲ್ಲಗೆ ಎಳೆದು, ಕಣ್ಣಲ್ಲೇ ನಕ್ಕು, "ಚಿಂತಿ ಬ್ಯಾಡ, ಮತ್ತೊಮ್ಮೆ ಮಾಡೂಣು" ಎಂದಿದ್ದ. ಆ ನಗೆಗೆ ಕರಗಿಹೋಗಿದ್ದಳು, ಪೆದ್ದಿ.

ಈಗ ಅವನೇ ಚಹಾ ಹಿಡಿದು ಬಂದ. "ಹೆಂಗೈತಿ? ನಿನ್ನ ಹೆಸರ ಮೊದಲ ಹಾಕೇನಿ."

"ಐದನೇದು ಎಲ್ಲಿ?"

"ಅದನ್ನ ಹಾಕಿದ್ರ ತೋರಸಾಕ ಏನ ಉಳೀತಿತ್ತು? ನನ್ನ ನೌಕರಿ ಖಾಯಂ ಆಗೂದು ಇದರ ಮ್ಯಾಲೆ ಐತಿ. ಇಲ್ಲಾಂದ್ರ ಶುಕ್ರವಾರ ಬ್ಯಾಡಗಿಗೆ ಬಂದು ನಿಮ್ಮಪ್ಪಾರ ಮುಂದ ಯಾವ ಮುಖ ಇಟ್ಕೊಂಡು ನಿನ್ನ ಕೇಳಲಿ? ಎಲ್ಲಾ ನಮ್ಮಿಬ್ಬರ ಸಲುವಾಗಿ ಮಾಡೇನಿ."

ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಸುಳ್ಳಿನ ಮುಂದೆ ತನ್ನ ಹೆಸರನ್ನೇ ನಿಲ್ಲಿಸಿ, ಅದನ್ನು ಉಡುಗೊರೆ ಎನ್ನುತ್ತಿದ್ದಾನೆ ಈ ಪುಣ್ಯಾತ್ಮ.

"ನೀವ ತೀರ್ಪುಗಾರರ ಹತ್ರ ಹೋಗಿ ಖರೇ ಹೇಳ್ರಿ. ನಾನೂ ಬಾಜೂಕ ನಿಂದರತೇನಿ."

ಅವನು ಕಪ್ಪಿನೊಳಗೆ ನೋಡಿದ. "ನಿನಗ ನನ್ನ ಮ್ಯಾಲೆ ಪ್ರೀತೀನ ಇಲ್ಲ."

"ಐತಿ. ಅದಕ್ಕ ಮೊದಲ ನಿಮಗ ಹೇಳಿದ್ದೆ." ದುರ್ಗಾ ಪೋಸ್ಟರಿನ ಪಿನ್ನು ಕೀಳತೊಡಗಿದಳು. "ಈಗೂ ಐತಿ. ಆದ್ರ ಶುಕ್ರವಾರ ಬರಬ್ಯಾಡ್ರಿ."

ಪೋಸ್ಟರ್ ಬಿಚ್ಚಿ ಸುರುಳಿ ಸುತ್ತಿ, ಅವಳು ತೀರ್ಪುಗಾರರ ಮೇಜಿನತ್ತ ನಡೆದಳು. ಹಿಂದಿನಿಂದ ಅವನು ಹೆಸರು ಹಿಡಿದು ಕರೆದ. ಆ ದನಿ ಅವಳಿಗೆ ಇನ್ನೂ ಇಷ್ಟವೇ ಆಗಿತ್ತು. ಅವಳು ತಿರುಗಿ ನೋಡಲಿಲ್ಲ.