ಹಿಡಿ ಮುಂದೆ ಮಾಡಿ ತಂದ ಪಿಸ್ತೂಲು

ಫೆಬ್ರವರಿ 9, ಸೋಮವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಹೊಸಕಟ್ಟೆ ಪೊಲೀಸ್ ಠಾಣೆಯ ಫೋನು ಹೊಡೆದುಕೊಂಡಿತು. ಹೆಡ್ ಕಾನ್‌ಸ್ಟೆಬಲ್ ಬಸವರಾಜು ಎತ್ತಿಕೊಂಡ. ಬಸ್ ನಿಲ್ದಾಣದ ಎದುರಿನ ಹೋಟೆಲಿನ ಪುಟ್ಟಮಲ್ಲಪ್ಪ ಪಿಸುದನಿಯಲ್ಲಿ ಮಾತಾಡುತ್ತಿದ್ದ.

“ಸಾ, ಇಲ್ಲೊಬ್ಬ ಪಿಸ್ತೂಲ್ ಇಟ್ಕಂಡು ಟೀ ಕುಡೀತಾವ್ನೆ.”

“ಜೋಬಲ್ಲಾ?”

“ಜೋಬಲ್ಲಿದ್ರೆ ನಂಗೆಂಗ್ ಕಾಣ್ತದೆ ಸಾ? ಟೇಬಲ್ ಮೇಲೆ. ಲೋಟದ್ ಪಕ್ಕದಲ್ಲೇ.”

“ಯಾರನ್ನಾದ್ರೂ ಹೆದರಿಸಿದ್ನಾ? ದುಡ್ಡು ಕೊಡಲ್ಲ ಅಂದ್ನಾ?”

“ದುಡ್ಡು ಮೊದ್ಲೇ ಕೊಟ್ಟ. ಚಿಲ್ರೆ ಕೊಡಕ್ಕೆ ನಂಗೇ ಧೈರ್ಯ ಬರ್ನಿಲ್ಲ, ಒಳಗ್ ಬಂದು ಚಿಲ್ಕ ಆಕ್ಕಂಡಿವ್ನಿ... ಎದ್ದ ಸಾ, ಎದ್ದ! ನಿಮ್ ಕಡೀಕೇ ಬತ್ತಾವ್ನೆ!”

ಇನ್‌ಸ್ಪೆಕ್ಟರ್ ನೀಲಕಂಠಸ್ವಾಮಿ ಸಾಕ್ಷಿ ಹೇಳಲು ಹುಣಸೂರಿನ ಕೋರ್ಟಿಗೆ ಹೋಗಿದ್ದರು. ಠಾಣೆಯಲ್ಲಿ ಇದ್ದ ಅಧಿಕಾರಿ ಎಂದರೆ ಪಿಎಸ್‌ಐ ಬೃಂದಾ ಒಬ್ಬಳೇ. ಅವಳು ಸೊಂಟದ ಪಿಸ್ತೂಲಿನ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದಳು. ಗುರಿ ಅಭ್ಯಾಸದ ದಿನ ಬಿಟ್ಟರೆ ಅದನ್ನು ಒರೆಯಿಂದ ತೆಗೆದವಳಲ್ಲ. ಬಾಗಿಲಲ್ಲಿ ಪಹರೆಗಿದ್ದ ಕಾನ್‌ಸ್ಟೆಬಲ್ ರಘು ಆಗಲೇ ರೈಫಲ್ ಹಿಡಿದು ಅವಳ ಬಲಕ್ಕೆ ಬಂದು ನಿಂತಿದ್ದ.

ಬಸ್ ನಿಲ್ದಾಣದಿಂದ ಠಾಣೆಗೆ ನೇರ ರಸ್ತೆ. ಅವರೆಕಾಯಿ ಮಾರುವ ಹೆಂಗಸರು ಗುಡ್ಡೆಗಳನ್ನು ಹಾಗೇ ಬಿಟ್ಟು ಅಂಗಡಿಗಳ ಒಳಗೆ ಸೇರಿಕೊಂಡಿದ್ದರು. ಖಾಲಿಯಾದ ರಸ್ತೆಯ ನಡುವೆ ಬಿಳಿ ಅಂಗಿ, ಪಂಚೆ, ಹೆಗಲ ಮೇಲೊಂದು ಟವಲ್ಲಿನ ಅರವತ್ತು ದಾಟಿದ ಮನುಷ್ಯನೊಬ್ಬ ನಡೆದು ಬರುತ್ತಿದ್ದ. ಅವಸರವಿರಲಿಲ್ಲ. ಬಲಗೈಯನ್ನು ಮುಂದಕ್ಕೆ ಚಾಚಿದ್ದ. ಆ ಕೈಯಲ್ಲಿ ಪಿಸ್ತೂಲು ಬಿಸಿಲಿಗೆ ಮಿರುಗುತ್ತಿತ್ತು.

“ಮೇಡಂ, ಹೊಡೀಲಾ? ಕಾಲಿಗೆ?” ರಘು ರೈಫಲ್ ಎತ್ತಿ ಗುರಿಯಿಟ್ಟ.

ಬೃಂದಾ ಒಂದು ಹೆಜ್ಜೆ ಮುಂದಿಟ್ಟಳು. ಆ ಕೈಯಲ್ಲಿ ಏನೋ ಸರಿಯಿಲ್ಲ ಎನ್ನಿಸಿ ದಿಟ್ಟಿಸಿ ನೋಡಿದಳು. ಅವನು ಹಿಡಿದಿದ್ದು ಪಿಸ್ತೂಲಿನ ಹಿಡಿಯನ್ನಲ್ಲ, ನಳಿಕೆಯನ್ನು. ಗುಂಡು ಹಾರುವ ಬಾಯಿ ಅವನದೇ ಹೊಟ್ಟೆಯ ಕಡೆಗಿತ್ತು, ಹಿಡಿ ಇವರ ಕಡೆಗೆ. ಕೆ.ಆರ್. ನಗರದ ಹತ್ತಿರದ ತಮ್ಮ ಗದ್ದೆಯಲ್ಲಿ ಅವಳ ತಾಯಿ ಕುಯ್ಲಿನ ಆಳುಗಳಿಗೆ ಕುಡುಗೋಲು ಕೊಡುತ್ತಿದ್ದುದು ಹೀಗೆಯೇ. ಅಲಗು ತನ್ನ ಕಡೆ, ಹಿಡಿ ಈಸಿಕೊಳ್ಳುವವರ ಕಡೆ.

“ಇಳಿಸು ರಘು,” ಎಂದಳು. “ಅವರು ಕೊಡೋಕೆ ಬರ್ತಾ ಇದಾರೆ.”

“ಏನ್ ಮೇಡಂ?”

“ರೈಫಲ್ ಇಳಿಸು ಅಂದೆ.” ಆಮೇಲೆ ಗಟ್ಟಿಯಾಗಿ ಕೂಗಿದಳು. “ಯಜಮಾನ್ರೇ! ಅಲ್ಲೇ ನಿಂತ್ಕೊಳಿ. ಅದನ್ನ ಕೆಳಗಿಡಿ.”

“ಕೆಳೀಕೆ ಯಾಕವ್ವಾ? ನಿಮ್ ಕೈಗೇ ಕೊಡನಾ ಅಂತ ತಂದಿವ್ನಿ.”

“ಕೆಳಗಿಡಿ. ಇಟ್ಟು ಹಿಂದಕ್ಕೆ ಹೋಗಿ.”

ಅವನು ಕ್ಷಣಕಾಲ ಡಾಂಬರು ರಸ್ತೆಯನ್ನೂ ಕೈಯಲ್ಲಿದ್ದುದನ್ನೂ ನೋಡಿದ. ಹೆಗಲ ಟವಲ್ ತೆಗೆದು ನೆಲಕ್ಕೆ ಹಾಸಿ, ಅದರ ಮೇಲೆ ಪಿಸ್ತೂಲನ್ನು ಇಟ್ಟ. ಆಗಲೂ ಹಿಡಿ ಅವಳ ಕಡೆಗೇ ಇತ್ತು. ಬಸವರಾಜು ಓಡಿಹೋಗಿ ಅವನ ಎರಡೂ ಕೈ ಹಿಂದಕ್ಕೆ ತಿರುಚಿ ಹಿಡಿದುಕೊಂಡ. ಮುಖ ನೋಡಿದವನು ಹಿಡಿತ ಸಡಿಲಿಸಿದ.

“ಮೇಡಂ, ಇವ್ರು... ಆವತ್ತು ಬಂದಿದ್ರಲ್ಲ, ಅಂತರಸಂತೆಯವ್ರು. ಕೆಂಪಯ್ಯ.”

ಬೃಂದಾಳಿಗೂ ನೆನಪಾಯಿತು. ಹಿಂದಿನ ವಾರ ಬಂದಿದ್ದ. ಮಗಳು ಸೌಂದರ್ಯಳನ್ನು ಹಾರನಹಳ್ಳಿ ಕಡೆಯ ಬೀರನಕೊಪ್ಪಲಿಗೆ ಕೊಟ್ಟಿತ್ತು. ಅಳಿಯ ಉಮಾಶಂಕರ ಹೊಗೆಸೊಪ್ಪು ಬೆಳೆಯುವ ದೊಡ್ಡ ಕುಳ. ಎಲ್ಲಿಂದಲೋ ಒಂದು ಪಿಸ್ತೂಲು ತಂದಿಟ್ಟುಕೊಂಡು, ಮಾತಿಗೆ ಮುಂಚೆ ಅದನ್ನು ಹೆಂಡತಿಯ ಹಣೆಗಿಡುತ್ತಾನೆ ಎಂಬುದು ಕೆಂಪಯ್ಯನ ದೂರು. ನೀಲಕಂಠಸ್ವಾಮಿ ಅರ್ಧ ಕೇಳಿದ್ದರು. “ಎಲ್ಲಯ್ಯ ಪಿಸ್ತೂಲು? ನೀನು ನೋಡಿದೀಯಾ? ಬಾಯಲ್ಲಿ ಹೇಳಿದ್ರೆ ಆಯ್ತಾ? ತಂದು ತೋರ್ಸು, ಆಮೇಲೆ ನೋಡೋಣ,” ಎಂದಿದ್ದರು. ಪಕ್ಕದ ಮೇಜಿನಲ್ಲಿ ಬೃಂದಾ ಬೇರೊಂದು ಕೇಸಿನ ಕಾಗದ ಓದುತ್ತಿದ್ದಳು.

ಹೋಟೆಲಿನ ಪುಟ್ಟಮಲ್ಲಪ್ಪ ಮತ್ತು ಔಷಧಿ ಅಂಗಡಿಯ ಮಾಲೀಕ, ಇಬ್ಬರು ಪಂಚರ ಸಮಕ್ಷಮ ರಸ್ತೆಯಲ್ಲೇ ಪಂಚನಾಮೆ ನಡೆಯಿತು. ರಘು ಮೊಬೈಲಿನಲ್ಲಿ ವಿಡಿಯೊ ಮಾಡಿದ. ನಾಡ ಪಿಸ್ತೂಲು ಒಂದು. ಒಳಗೆ ಜೀವಂತ ಗುಂಡುಗಳು ಎರಡು. ಹತ್ತಿ ಟವಲ್ ಒಂದು. ಗ್ಲೌಸು ಹಾಕಿಕೊಂಡು ಪಿಸ್ತೂಲನ್ನು ಎತ್ತಿದಾಗ ಬೃಂದಾಳ ಮೂಗಿಗೆ ಕೊಬ್ಬರಿ ಎಣ್ಣೆಯ ವಾಸನೆ ಬಡಿಯಿತು.

“ಇದಕ್ಕೆ ಎಣ್ಣೆ ಹಚ್ಚಿದೀರಾ?”

“ಹೊಗೆಸೊಪ್ ಬ್ಯಾರನ್ ಮಸಿ ಮೆತ್ಕಂಡಿತ್ತು ಕಣವ್ವಾ. ದೊಡ್ಡೋರ್ ಕೈಗೆ ಕೊಡೋ ಪದಾರ್ಥ, ಗಲೀಜಲ್ಲಿ ಕೊಟ್ಟಾರಾ? ಬಸ್‌ಸ್ಟಾಂಡ್ ನಲ್ಲೀಲಿ ತೊಳ್ದು, ಎಣ್ಣೆ ಆಕಿ ಒರ್ಸ್ದೆ.”

ಬೃಂದಾ ಕಣ್ಣು ಮುಚ್ಚಿ ತೆರೆದಳು. ಉಮಾಶಂಕರನ ಬೆರಳ ಗುರುತುಗಳು ಅದರ ಮೇಲೆ ಎಷ್ಟಿದ್ದವೋ, ಎಲ್ಲ ನಲ್ಲಿಯ ಕೆಳಗೆ ಹರಿದುಹೋಗಿದ್ದವು.

“ಅಲ್ಲ ಯಜಮಾನ್ರೇ, ಚೀಲದಲ್ಲಿ ಹಾಕ್ಕೊಂಡು ಬರಬಾರದಿತ್ತಾ? ನಮ್ಮ ಹುಡುಗ ಗುಂಡು ಹೊಡೆದುಬಿಡ್ತಿದ್ದ.”

“ಮುಚ್ಚಿಟ್ಕಂಡ್ ಬಂದ್ರೆ ನನ್ನೇ ಕಳ್ಳ ಅಂತೀರ. ಅದ್ಕೇ ನಾಕ್ ಜನ ನೋಡ್ಲಿ ಅಂತ ಎತ್ತಿ ಇಡ್ಕಂಡ್ ಬಂದೆ.”

11.40ಕ್ಕೆ ಬೃಂದಾಳ ವರದಿಯ ಮೇಲೆ ಶಸ್ತ್ರಾಸ್ತ್ರ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಸದ್ಯಕ್ಕೆ ಬರೆಯಲು ಒಂದೇ ಹೆಸರಿತ್ತು.

ವಿಚಾರಣೆಯಲ್ಲಿ ಕೆಂಪಯ್ಯ ಹೆಚ್ಚು ಮಾತಾಡಲಿಲ್ಲ. ಮೊಮ್ಮಗಳು ಚಿನ್ನುವನ್ನು ನೋಡಲೆಂದು ಭಾನುವಾರ ಸಂಜೆ ಬೀರನಕೊಪ್ಪಲಿಗೆ ಹೋಗಿದ್ದೆ, ಬೆಳಿಗ್ಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಅದು ಸಿಕ್ಕಿತು, ಮೊದಲ ಬಸ್ಸಿಗೆ ಬಂದೆ, ಎಂದ.

“ಬ್ಯಾರನ್ನಿಗೆ ಬೀಗ ಇರಲಿಲ್ವಾ?”

ಕೆಂಪಯ್ಯ ಪಂಚೆಯ ಅಂಚನ್ನು ಮಂಡಿಯ ಮೇಲೆ ಸರಿಮಾಡಿಕೊಂಡ.

“ಅಲ್ಲಿದೆ ಅಂತ ನಿಮಗೆ ಯಾರು ಹೇಳಿದ್ರು? ಯಾರು ತೆಗೆದುಕೊಟ್ರು?”

“ನಾನೇ ತಗಂಡೆ.”

ನೀಲಕಂಠಸ್ವಾಮಿ ಕೋರ್ಟಿನಿಂದ ಬಂದಾಗ ಒಂದು ಗಂಟೆಯಾಗಿತ್ತು. ಎಲ್ಲ ಕೇಳಿ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

“ನಾನಂದಿದ್ದು ಸುಮ್ನೆ ಮಾತಿಗೆ ಕಣ್ರೀ.”

“ಅವರಿಗೆ ಅದು ಅಪ್ಪಣೆ ಅಂತ ಕೇಳಿಸಿದೆ ಸರ್.”

“ಈಗ ಅಳಿಯಂದು ಅನ್ನೋಕೆ ಏನಿದೆ? ಬೆರಳಚ್ಚಿಲ್ಲ. ಸಿಕ್ಕಿಬಿದ್ದಿರೋದು ಇವನ ಕೈಲಿ.”

“ಮಗಳ ಹೇಳಿಕೆ ತಗೋಬಹುದು ಸರ್. ಅದೊಂದೇ. ಪಿಸ್ತೂಲು ಗಂಡಂದು ಅಂತ ಅವರು ಹೇಳಿದ್ರೆ ಅವನು ಒಳಗೆ ಹೋಗ್ತಾನೆ, ಇವರು ಸಾಕ್ಷಿ ಆಗ್ತಾರೆ. ಹೇಳದಿದ್ರೆ...”

“ಹೇಳದಿದ್ರೆ ಇವನೇ. ಹೋಗಿ ಬನ್ನಿ. ಬೇಗ.”

ಜೀಪಿನಲ್ಲಿ ಬಸವರಾಜು ಬಹಳ ಹೊತ್ತು ಹೊರಗೇ ನೋಡುತ್ತಿದ್ದ. “ಆವತ್ತು ಇವರು ದೂರು ಹೇಳಿ ಹೋದ್ಮೇಲೆ, ಅಳಿಯನ ಮನೇಲಿ ವಿಚಾರಿಸೋಕೆ ಹೋದವನು ನಾನೇ ಮೇಡಂ. ಕಾಫಿ ಕೊಟ್ರು, ರಸಬಾಳೆ ಕೊಟ್ರು. ಪಿಸ್ತೂಲಿದ್ಯಾ ಅಂದೆ. ಇಲ್ಲ ಅಂದ್ರು.”

“ನೀವು ಅದನ್ನೇ ಬರೆದ್ರಿ.”

“ಇಲ್ಲ ಅಂದವರನ್ನ ಇನ್ನೇನಂತ ಬರೀಲಿ ಮೇಡಂ?”

ಸುದ್ದಿ ಅವರಿಗಿಂತ ಮುಂಚೆ ಬೀರನಕೊಪ್ಪಲು ತಲುಪಿತ್ತು. ಉಮಾಶಂಕರ ಗೇಟಿನ ಹತ್ತಿರವೇ ಕೈಮುಗಿದು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ.

“ಬನ್ನಿ ಮೇಡಂ. ನಮ್ಮ ಮಾವ ಏನೋ ಎಡವಟ್ಟು ಮಾಡ್ಕೊಂಡವ್ರಂತೆ. ವಯಸ್ಸಾಯ್ತು ನೋಡಿ, ತಲೆ ಒಂದೊಂದ್ಸಲ ಸರಿ ಇರಲ್ಲ. ಕೇಸು ಗೀಸು ಅಂತ ಮಾಡ್ಬೇಡಿ.”

“ಬ್ಯಾರನ್ ನೋಡಬೇಕು. ಬೀಗದ ಕೈ ಯಾರ ಹತ್ರ ಇರುತ್ತೆ?”

ಒಳಗಿನಿಂದ ಅವನ ತಾಯಿ ಮಾಯಮ್ಮ ಬಂದಳು. ಕಂಕುಳಲ್ಲಿ ಎರಡು ವರ್ಷದ ಚಿನ್ನು. “ನನ್ ಸೊಂಟದಲ್ಲಿ ಕಣವ್ವಾ. ಮಲಿಕ್ಕಂಡ್ರೂ ತೆಗಿಯಾಕಿಲ್ಲ. ಸೊಪ್ಪಿನ್ ಕೆಲ್ಸ ಮುಗುದ್ಮ್ಯಾಕೆ ಆ ಬಾಗ್ಲೇ ತೆಗ್ದಿಲ್ಲ.”

ಬ್ಯಾರನ್ ತಣ್ಣಗಿತ್ತು. ಒಳಗೆ ಹಳೆಯ ಸೊಪ್ಪಿನ ಘಾಟು. ಗೋಡೆಯ ಬುಡದಲ್ಲಿ ಒಳಕ್ಕೆ ಗಾಳಿ ಬಿಡುವ ಚಿಕ್ಕ ಚಿಕ್ಕ ಕಿಂಡಿಗಳು. ಹಿತ್ತಿಲ ಕಡೆಯ ಒಂದು ಕಿಂಡಿಯ ಅಂಚಿನಲ್ಲಿ ಮಾತ್ರ ಮಸಿ ಒರೆಸಿಹೋಗಿತ್ತು. ಯಾರೋ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಿ ಬಂದಿದ್ದರು. ಕೆಂಪಯ್ಯನ ಭುಜ ಅದರಲ್ಲಿ ತೂರುವಂತಿರಲಿಲ್ಲ. ಬಸವರಾಜು ಕಿಂಡಿಯನ್ನು ನೋಡಿದ, ಬೃಂದಾಳನ್ನು ನೋಡಿದ.

ಸೌಂದರ್ಯ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕಡ್ಡಿಯಂಥ ಮೈ. ಒಬ್ಬಳನ್ನೇ ಮಾತಾಡಿಸಬೇಕೆಂದು ಬೃಂದಾ ಎಲ್ಲರನ್ನೂ ದೂರ ಕಳಿಸಿದಳು. ಮಾಯಮ್ಮ ಹಿತ್ತಿಲ ಬಾಗಿಲಿನಾಚೆ, ಮಾತು ಕೇಳದಷ್ಟು ದೂರದಲ್ಲಿ, ಆದರೆ ಚೆನ್ನಾಗಿ ಕಾಣುವ ಹಾಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

“ನಿಮ್ಮಪ್ಪ ನಮ್ಮ ಠಾಣೇಲಿದಾರೆ. ಗೊತ್ತಾ?”

“ಹೊಡೆದ್ರಾ ಮೇಡಂ?”

“ಇಲ್ಲ. ಯಾರೂ ಹೊಡೀಲಿಲ್ಲ. ಈ ಮನೇಲಿ ಪಿಸ್ತೂಲಿದ್ಯಾ?”

ಸೌಂದರ್ಯ ಮಗುವಿನ ಕಡೆ ನೋಡಿದಳು.

“ಈಗ ಇಲ್ಲ.”

“ಈಗ ಅಂದ್ರೆ?”

“ಇಲ್ಲ ಅಂತ ಬರ್ಕೊಳಿ ಮೇಡಂ. ನಂಗೇನೂ ಗೊತ್ತಿಲ್ಲ.”

“ನೀವು ನಿಜ ಹೇಳಿದ್ರೆ ನಿಮ್ಮಪ್ಪ ಉಳೀತಾರೆ. ನಿಮ್ಮನ್ನ ಇವತ್ತೇ ಮೈಸೂರಿನಲ್ಲಿರೋ ಸುರಕ್ಷಿತವಾದ ಜಾಗಕ್ಕೆ ಕಳಿಸ್ತೀನಿ. ನಾನೇ ಕರ್ಕೊಂಡು ಹೋಗ್ತೀನಿ.”

“ಚಿನ್ನೂನ?”

“ಮಗೂನೂ ಕರ್ಕೊಂಡು.”

“ನೀವು ಜೀಪ್ ಹತ್ರ ಹೋಗೋದ್ರೊಳಗೆ ಮಗು ಹಿಂದ್ಗಡೆ ಬಾಗ್ಲಿಂದ ಬೈಕ್ ಮೇಲೆ ಹೋಗಿರುತ್ತೆ ಮೇಡಂ. ಹೋದ್ಸಲ ನಾನು ತೌರಿಗೆ ಹೊರಟಾಗ ಹಂಗೇ ಆಯ್ತು. ಮಗು ಎಲ್ಲಿದೆ ಅಂತ ವಾರದ್ವರೆಗೆ ಹೇಳ್ಲಿಲ್ಲ.” ಅವಳು ಮತ್ತೆ ಪಾತ್ರೆ ಉಜ್ಜತೊಡಗಿದಳು. “ಅಪ್ಪಂಗೆ ಊಟ ಕೊಡಿ. ಬೆಳಿಗ್ಗೆ ಏನೂ ತಿಂದಿಲ್ಲ.”

ಹೇಳಿಕೆ ಬರೆದುಕೊಳ್ಳುತ್ತಾ ಬಗ್ಗಿದ ಬೃಂದಾಳಿಗೆ ಅವಳ ಸೀರೆ ಕಂಡಿತು. ಮಂಡಿಯ ಬಳಿ, ಸೆರಗಿನ ತುದಿಯಲ್ಲಿ ಹೊಸ ಮಸಿ. ವಾರಗಟ್ಟಲೆ ಬಾಗಿಲು ತೆಗೆಯದ ಬ್ಯಾರನ್ನಿನ ಮಸಿ. ಜಪ್ತಿ ಮಾಡಿದರೆ ಅದೊಂದು ಸಾಕ್ಷ್ಯ. ಆದರೆ ಜಪ್ತಿ ಮಾಡಬೇಕಾದರೆ ಗಂಡನ ಎದುರಿಗೇ ಮಾಡಬೇಕು. ಆಮೇಲೆ ಜೀಪು ಹೊರಟುಹೋಗುತ್ತದೆ, ಇವಳು ಇಲ್ಲೇ ಉಳಿಯುತ್ತಾಳೆ.

ಬೃಂದಾ ಪೆನ್ನು ಮುಚ್ಚಿದಳು.

“ಆ ಸೀರೆ ಒಗೆದುಬಿಡಿ,” ಎಂದಳು ಮೆಲ್ಲಗೆ. “ಈಗಲೇ. ನಾವು ಇನ್ನೂ ಇಲ್ಲಿರುವಾಗಲೇ.”

ಸೌಂದರ್ಯ ಸೆರಗನ್ನು ನೋಡಿಕೊಂಡಳು. ಎದ್ದು ಬಚ್ಚಲಿಗೆ ಹೋದಳು. ಒಳಗೆ ನೀರು ಸುರಿಯುವ ಸದ್ದು ಕೇಳಿಸಿದ ಮೇಲೆಯೇ ಬೃಂದಾ ಅಲ್ಲಿಂದ ಕದಲಿದ್ದು.

ಸಂಜೆ ಐದಕ್ಕೆ ಠಾಣೆಗೆ ಹಿಂತಿರುಗಿದಾಗ ಕೆಂಪಯ್ಯ ಬೆಂಚಿನ ತುದಿಯಲ್ಲಿ ಕೂತಿದ್ದ. ತಂದಿಟ್ಟ ಅನ್ನ ಮುಟ್ಟಿರಲಿಲ್ಲ.

“ಏನಂದ್ಲವ್ವಾ?”

“ಏನೂ ಗೊತ್ತಿಲ್ಲ ಅಂದ್ರು.”

“ಯಾವ್ ಮಾತ್ನಲ್ಲಿ ಅಂದ್ಲು? ಅದ್ನೇ ಏಳಿ.”

“ಮನೇಲಿ ಪಿಸ್ತೂಲಿದ್ಯಾ ಅಂದೆ. ‘ಈಗ ಇಲ್ಲ’ ಅಂದ್ರು.”

ಅವನು ತಲೆಯಾಡಿಸಿದ. ಮಗಳು ಹೇಳಿ ಕಳಿಸಿದ್ದು ತಲುಪಿತು ಎಂಬಂತೆ.

“ಸರಿ ಬುಡಿ. ಬರ್ಕಳಿ. ಅದು ನಂದೇ.”

“ಹಾಗೆ ಬರೆದ್ರೆ ನೀವು ಜೈಲಿಗೆ ಹೋಗ್ತೀರಿ ಯಜಮಾನ್ರೇ.”

“ಅಳೀಂದು ಅಂತ ಬರುದ್ರೆ, ಯಾರ್ ತಗುದ್ಕೊಟ್ರು ಅಂತ ಕೇಳ್ತೀರ. ನೀವ್ ಕೇಳ್ದಿದ್ರೂ ಅವ್ನು ಕೇಳ್ತಾನೆ. ಕದ್ದೋನು ನಾನು ಅಂತ ಅವ್ನ್ ಮನ್ಸಲ್ಲಿರ್ಲಿ. ನಾನ್ ಒಳಗಿದ್ರೆ ನನ್ ತಾವ ಬರಾಕಿಲ್ಲ.” ಮತ್ತೆ ಕೇಳಿದ. “ನಂದು ಅಂತ ಬರುದ್ರೆ, ಅದು ವಾಪಸ್ ಯಾರ್ ಕೈಗೂ ಓಗಾಕಿಲ್ವಲ್ಲ?”

“ಇಲ್ಲ. ಕೋರ್ಟಿನ ವಶಕ್ಕೆ ಹೋಗುತ್ತೆ.”

“ಈಗ ಆ ಮನೇಲಿ ಅದಿಲ್ಲ. ಅಷ್ಟ್ ಸಾಕು.”

ಬೃಂದಾ ಇನ್‌ಸ್ಪೆಕ್ಟರ್ ಕೊಠಡಿಗೆ ಹೋಗಿ ಎರಡು ದಿನ ಸಮಯ ಕೇಳಿದಳು. ನೀಲಕಂಠಸ್ವಾಮಿ ಅವಳ ಮುಖ ನೋಡಲಿಲ್ಲ. “ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ಅವನೇ ಒಪ್ಕೊಂಡ ಮೇಲೆ ನೀವೇನ್ ಹುಡುಕ್ತೀರಿ?” ಎಂದರು. ಆಮೇಲೆ, ಅವಳು ಬಾಗಿಲು ದಾಟುವಾಗ, “ಊಟ ಮಾಡಿದ್ನಾ ಅವ್ನು?” ಎಂದು ಕೇಳಿದರು.

6.05ಕ್ಕೆ ದಸ್ತಗಿರಿ ಆಯಿತು. ಕಾರಣ: ಪರವಾನಗಿಯಿಲ್ಲದ ಪಿಸ್ತೂಲನ್ನು ಸಾರ್ವಜನಿಕ ರಸ್ತೆಯಲ್ಲಿ ಬಹಿರಂಗವಾಗಿ ಹಿಡಿದುಕೊಂಡು ಹೋಗಿದ್ದು. ನಳಿಕೆಯನ್ನು ತನ್ನ ಕಡೆಗೂ ಹಿಡಿಯನ್ನು ಪೊಲೀಸರ ಕಡೆಗೂ ಮಾಡಿದ್ದ ಎಂದು ಬೃಂದಾ ಪಂಚನಾಮೆಯಲ್ಲಿ ಬರೆದಿದ್ದಳು. ಅದನ್ನು ಯಾರೂ ಹೊಡೆದುಹಾಕಲಿಲ್ಲ, ಯಾರೂ ಅದೇನೆಂದು ಕೇಳಲೂ ಇಲ್ಲ.

ದಸ್ತಗಿರಿಯ ವಿಷಯವನ್ನು ಹತ್ತಿರದ ಸಂಬಂಧಿಕರಿಗೆ ತಿಳಿಸಬೇಕು. ಯಾರಿಗೆ ಎಂದು ಕೇಳಿದಾಗ ಕೆಂಪಯ್ಯ, “ಮಗ್ಳಿಗೇ ಏಳಿ. ಪಿಸ್ತೂಲು ಸರ್ಕಾರದ್ ತಾವ ಐತೆ, ಇನ್ ಎದ್ರಿಕೆ ಇಲ್ಲ ಅಂತ ಏಳ್ಬುಡಿ,” ಎಂದ.

ಬೃಂದಾ ಸೌಂದರ್ಯಳ ನಂಬರಿಗೆ ಫೋನ್ ಮಾಡಿದಳು. ಎತ್ತಿದವನು ಉಮಾಶಂಕರ.

“ಹೇಳಿ ಮೇಡಂ.”

“ಸೌಂದರ್ಯ ಅವರಿಗೆ ಕೊಡಿ.”

“ಅವಳು ಒಲೆ ಮುಂದಿದಾಳೆ. ನಂಗೇ ಹೇಳಿ.”

“ಅವರ ತಂದೆಯವರ ದಸ್ತಗಿರಿ ಆಗಿದೆ. ಪಿಸ್ತೂಲು ತಮ್ದೇ ಅಂತ ಹೇಳಿದಾರೆ.”

ಆ ಕಡೆ ಸಣ್ಣ ನಗು.

“ಪಾಪ. ಆ ನಾಡ ಪಿಸ್ತೂಲಿಗೆ ಅಷ್ಟು ದೂರ ಹೊತ್ಕೊಂಡ್ ಹೋದ್ರಾ? ಅಂಥವು ಬೇಕಾದಷ್ಟು ಸಿಗ್ತವೆ ಬಿಡಿ ಮೇಡಂ. ಇಡ್ಲಾ?”

ನಾಡ ಪಿಸ್ತೂಲು ಎಂದು ಅವಳು ಹೇಳಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಊರೆಲ್ಲ ಅದೇ ಮಾತಾಡುತ್ತಿತ್ತು. ಆ ನಗು ಯಾವ ಕೋರ್ಟಿನಲ್ಲೂ ಸಾಕ್ಷ್ಯವಾಗುವುದಿಲ್ಲ. ಬೃಂದಾ ಕತ್ತರಿಸಿಹೋದ ಫೋನನ್ನು ಕಿವಿಯ ಹತ್ತಿರವೇ ಹಿಡಿದುಕೊಂಡು ನಿಂತಿದ್ದಳು.

ಲಾಕಪ್ಪಿನ ಸರಳಿನ ಹಿಂದಿನಿಂದ ಕೆಂಪಯ್ಯ ಅವಳನ್ನೇ ನೋಡುತ್ತಿದ್ದ.

“ಏಳುದ್ರಾ ಅವ್ವಾ?”

“ಹೇಳಿದೆ.”

ಅವನು ಟವಲ್ ಇಲ್ಲದ ಹೆಗಲನ್ನು ಒಮ್ಮೆ ಸವರಿಕೊಂಡ. ಅದು ಜಪ್ತಿಯಾದ ಪಿಸ್ತೂಲಿನ ಜೊತೆ ಮುದ್ದೆಮಾಲಾಗಿ ಮೊಹರು ಬಿದ್ದು ಹೋಗಿತ್ತು. ಗೋಡೆಗೆ ಒರಗಿ ಕೂತು, ಬೆಳಗಿನಿಂದ ಮೊದಲ ಸಲ ಕಣ್ಣು ಮುಚ್ಚಿದ.