ಕೂಡುಗನಸಿನ ಅಂಕಣ

"ನಿನ್ನ ಆಟ ಮುಗದ ದಿನ ನಾನ ಮೊದ್ಲ ಹೇಳ್ತೀನಿ. ಬ್ಯಾರೇದವರ ಬಾಯಿಂದ ನೀ ಕೇಳಬಾರ್ದು" ಎಂದು ಶಾಂಭವಿ ಗೆಳತಿ ರೇಷ್ಮಾ ನದಾಫಳಿಗೆ ಮಾತು ಕೊಟ್ಟಿದ್ದು ಗದಗಿನ ಶಾಲೆಯ ಮೈದಾನದಲ್ಲಿ, ಇಬ್ಬರೂ ಎಂಟನೆಯ ತರಗತಿಯಲ್ಲಿದ್ದಾಗ. ಈಗ, ೨೦೬೧ರಲ್ಲಿ, ಶಾಂಭವಿ ವಿಜ್ಞಾನಿ. ರೇಷ್ಮಾ ಜಿಲ್ಲಾ ವಾಲಿಬಾಲ್ ತಂಡದ ಹೆಸರಾಂತ ಸ್ಮ್ಯಾಷರ್. ಎತ್ತರಕ್ಕೆ ಬಂದ ಚೆಂಡನ್ನು ನೆಟ್ಟಿನಾಚೆ ಬಡಿದು ಕೆಡವುವವಳು.

ಆ ಮಧ್ಯಾಹ್ನ ರೇಷ್ಮಾ ಸೇರಿ ಆರು ಆಟಗಾರ್ತಿಯರು ಚಾಪೆಗಳ ಮೇಲೆ ಮಲಗಿದ್ದರು, ಹಣೆಗೆ ಶಾಂಭವಿ ಮಾಡಿದ ತೆಳು ಪಟ್ಟಿ ಕಟ್ಟಿಕೊಂಡು. ನಿದ್ದೆಯಲ್ಲಿ ಮೈ ಅಲುಗದಿದ್ದರೂ ಚಲನೆಯನ್ನು ಆಳುವ ಮಿದುಳಿನ ಭಾಗ ಆಡುತ್ತಲೇ ಇರುತ್ತದೆ. ಪಟ್ಟಿ ಆ ಸಂಕೇತಗಳನ್ನು ಹಿಡಿದು ಆರು ಕನಸುಗಳನ್ನು ಒಂದೇ ಅಂಕಣಕ್ಕೆ ತರುತ್ತಿತ್ತು. ನಾಳೆಯ ಆಟವನ್ನು ಇಂದೇ ಕಾಣಬಹುದಿತ್ತು.

ಕೋಚ್ ಮೇಟಿಯವರು ಆಟದ ರೀತಿಯನ್ನೇ ಬದಲಿಸಿದ್ದರು. ಚೆಂಡನ್ನೆಲ್ಲ ರೇಷ್ಮಾಳಿಗೇ ಎತ್ತಿಕೊಡುವುದಲ್ಲ. ಮುಂದಿನವರೆಲ್ಲ ಒಮ್ಮೆಗೇ ಜಿಗಿಯಬೇಕು, ಬಡಿಯುವವರು ಯಾರೆಂಬುದು ಎದುರಾಳಿಗೆ ಕೊನೆತನಕ ತಿಳಿಯಬಾರದು. ನಾಳೆಯ ಫೈನಲ್‌ನಲ್ಲಿ ಈ ಆಟಕ್ಕೆ ರೇಷ್ಮಾ ಹೊಂದುತ್ತಾಳೆಯೆ? ತಂಡದಿಂದ ಹೊರಬಿದ್ದರೆ, ನೋಯುವ ಮೊಣಕಾಲಿನ ಅವಳ ಆಟ ಅಲ್ಲಿಗೇ ಮುಗಿದಂತೆ.

"ಹೂಂ ಅನ್ನು, ಇಲ್ಲಾ ಊಹೂಂ ಅನ್ನವಾ. ನಿನ್ನ ಪುರಾಣ ಬ್ಯಾಡ" ಎಂದರು ಮೇಟಿ ಶಾಂಭವಿಗೆ.

ಪರದೆಯ ಮೇಲೆ ಗೋಡೆಗಳೇ ಇಲ್ಲದ ಅಂಕಣ ತೆರೆಯಿತು. ನೆಟ್ಟು ನೀರಿನಂತೆ ನಡುಗುತ್ತಿತ್ತು. ಚೆಂಡು ಎಕ್ಕದ ಅರಳೆಯಂತೆ ತೇಲಿ ಬಂತು. ತಗ್ಗಿನ ಚೆಂಡನ್ನೂ ರೇಷ್ಮಾ ಸಲೀಸಾಗಿ ಬಡಿದಳು. ಆದರೆ ಚೆಂಡು ಮೇಲೆದ್ದಾಗಲೆಲ್ಲ ಉಳಿದ ಹುಡುಗಿಯರು "ನಂದು!" ಎನ್ನುವ ಬದಲು "ಅಕ್ಕಾ!" ಎಂದು ಕೂಗಿ, ನಿಂತಲ್ಲೇ ನಿಂತು ನೋಡುತ್ತಿದ್ದರು.

ಶಾಂಭವಿ ಮೆಲ್ಲನೆ ರೇಷ್ಮಾಳ ಕನಸನ್ನು ಬೇರ್ಪಡಿಸಿದಳು. ಚೆಂಡು ಮತ್ತೆ ಎದ್ದಿತು. "ನಂದು! ನಂದು!" ಹುಡುಗಿಯರ ಕಾಲುಗಳು ನೆಲ ಬಿಟ್ಟವು, ಎಷ್ಟೋ ಹೊತ್ತು ಕೆಳಗಿಳಿಯಲೇ ಇಲ್ಲ.

"ಸಾಕು, ತಿಳೀತು. ಸಂಜಿಗೆ ನಾಳೆ ಆಡೋರ ಹೆಸರು ಓದ್ತೀನಿ" ಎಂದು ಮೇಟಿ ಎದ್ದರು.

"ಅದಕ್ಕಿಂತ ಮೊದ್ಲ ಆಕಿಗೆ ನಾನ ಹೇಳ್ತೀನ್ರಿ ಸರ್."

ರೇಷ್ಮಾ ನಗುತ್ತಲೇ ಎಚ್ಚರಗೊಂಡಳು. "ಏನ್ ಹಗುರ ಇತ್ತಲೇ ಶಾಂಭಾ! ಮೊಣಕಾಲು ಅದಾವೋ ಇಲ್ಲೋ ಅನ್ನೂದ ಮರ್ತಿತ್ತು. ಏನಂತು ನಿನ್ನ ಪಟ್ಟಿ? ಹೊಂದ್ತೀನಾ?"

"ಹೊಂದ್ತೀ."

ಸುಳ್ಳಲ್ಲ. ನೀನಿದ್ದರೆ ಬೇರೆಯವರು ಜಿಗಿಯುವುದಿಲ್ಲ ಎಂಬ ಇನ್ನರ್ಧವನ್ನು ಶಾಂಭವಿ ತನ್ನಲ್ಲೇ ಉಳಿಸಿಕೊಂಡಳು.

"ಮತ್ತ್ಯಾಕ ಮಾರಿ ಹಿಂಗ್ ಮಾಡ್ಕೊಂಡೀ? ಬಾ, ಚಹಾ ಕುಡಿಯೋಣು."

ಚಹಾ ಕುಡಿಯುತ್ತ ಹೇಳೋಣವೆಂದುಕೊಂಡಳು ಶಾಂಭವಿ. ರೇಷ್ಮಾ ಕನಸಿನ ಆಟವನ್ನು ಕೈಯೆತ್ತಿ ಎತ್ತಿ ವರ್ಣಿಸುತ್ತಿದ್ದಳು. ಚಹಾ ಮುಗಿಯಿತು.

ಸಂಜೆ ಮೇಟಿ ಹೆಸರುಗಳನ್ನು ಓದಿದರು. ಅದರಲ್ಲಿ ರೇಷ್ಮಾಳ ಹೆಸರಿರಲಿಲ್ಲ. ರೇಷ್ಮಾ ತಿರುಗಿ ನೋಡಿದಳು. "ನಿನಗ ಗೊತ್ತಿತ್ತೇನು?" ಶಾಂಭವಿ ಹಣೆಯ ಪಟ್ಟಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದಳು.

ವರುಷಗಳು ಕಳೆದಂತೆ ಶಾಂಭವಿಯ ಕನಸಿನ ಪಟ್ಟಿ ಮನೆಮನೆಗೂ ಬಂತು. ಒಟ್ಟಿಗೆ ಮಲಗಿದ ಮಕ್ಕಳು, ದೊಡ್ಡವರು, ತಾವು ದಿನವಿಡೀ ಪ್ರತಿ ಕೆಲಸಕ್ಕೂ "ಅಮ್ಮಾ" ಎಂದು ಕೂಗಿ ನಿಂತಲ್ಲೇ ನಿಲ್ಲುವುದನ್ನು ಕಂಡರು. ಕೆಲವರು ಎದ್ದು ಪಾತ್ರೆ ತೊಳೆದರು. ಕಂಡದ್ದನ್ನು ಬಾಯಿಬಿಟ್ಟು ಹೇಳಿಸುವ ಪಟ್ಟಿಯನ್ನು ಮಾತ್ರ ಇನ್ನೂ ಯಾರೂ ಮಾಡಿಲ್ಲ.

ರೇಷ್ಮಾ ತನ್ನ ಆಟ ಮುಗಿದದ್ದನ್ನು ಕೇಳಿದ್ದು ಮೇಟಿಯವರ ಬಾಯಿಂದ. ಶಾಂಭವಿ ಕೊಟ್ಟ ಮಾತಿಗೆ ತಪ್ಪಿದಳು.